ಹಳೆಯ ಲ್ಯಾಪ್‌ಟಾಪ್‌ನ ಬ್ಯಾಟರಿ ಬಾಳಿಕೆ

ಲ್ಯಾಪ್‌ಟಾಪ್ ಬ್ಯಾಟರಿಯ ಬಾಳಿಕೆ ಎಂಬ ಮಾತು ಎರಡು ಬೇರೆ ಬೇರೆ ಅರ್ಥಗಳಲ್ಲಿ ಬಳಕೆಯಲ್ಲಿದೆ. ಒಂದು ಸಲ ಪೂರ್ತಿ ಚಾರ್ಜ್ ಮಾಡಿದ ಮೇಲೆ ಲ್ಯಾಪ್‌ಟಾಪ್ ಎಷ್ಟು ಹೊತ್ತು ನಡೆಯುತ್ತದೆ ಎಂಬುದು ಮೊದಲನೆಯದು; ಬ್ಯಾಟರಿಯು ಎಷ್ಟು ವರ್ಷ ಉಪಯೋಗಕ್ಕೆ ಬರುತ್ತದೆ ಎಂಬುದು ಎರಡನೆಯದು. ಈ ಲೇಖನದಲ್ಲಿ ಮೊದಲನೆಯದನ್ನು ‘ಚಾಲನಾವಧಿ’ ಎಂದೂ ಎರಡನೆಯದನ್ನು ‘ಆಯುಷ್ಯ’ ಎಂದೂ ಕರೆಯಲಾಗಿದೆ. ಚಾಲನಾವಧಿಯು ಮುಖ್ಯವಾಗಿ ಯಂತ್ರವು ಬಳಸುವ ವಿದ್ಯುತ್ತಿನ ಪ್ರಮಾಣವನ್ನು ಅವಲಂಬಿಸಿದೆ. ಆಯುಷ್ಯವು ಬ್ಯಾಟರಿಯ ಉಷ್ಣಾಂಶ, ಅದರಲ್ಲಿ ಸದಾ ಉಳಿದಿರುವ ಚಾರ್ಜ್‌ನ ಮಟ್ಟ ಮತ್ತು ಬಳಕೆಯ ಆವರ್ತಗಳನ್ನು ಅವಲಂಬಿಸಿದೆ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವ ಬಳ್ಳಾರಿ, ಸಿರುಗುಪ್ಪ, ಕುರುಗೋಡು ಮುಂತಾದ ಊರುಗಳಲ್ಲಿ ಬ್ಯಾಟರಿಯ ಆಯುಷ್ಯವನ್ನು ಕುಗ್ಗಿಸುವ ಕಾರಣಗಳಲ್ಲಿ ಬಿಸಿಯೇ ಪ್ರಧಾನವಾದುದು.

ಹಿನ್ನೆಲೆ

ಇಂದಿನ ಲ್ಯಾಪ್‌ಟಾಪ್‌ಗಳಲ್ಲಿ ಬಳಕೆಯಾಗುವುದು ಲಿಥಿಯಂ-ಅಯಾನು ಬ್ಯಾಟರಿ. ಇದರ ಮೂಲ ಸಂಶೋಧನೆಯನ್ನು ಸ್ಟ್ಯಾನ್ಲಿ ವಿಟ್ಟಿಂಗ್‌ಹ್ಯಾಮ್ 1970ರ ದಶಕದಲ್ಲಿ ನಡೆಸಿದರು. 1980ರಲ್ಲಿ ಜಾನ್ ಗುಡ್‌ಇನಫ್ ಅವರು ಕೋಬಾಲ್ಟ್ ಆಕ್ಸೈಡ್ ಬಳಸಿ ಹೆಚ್ಚಿನ ವೋಲ್ಟೇಜ್ ಪಡೆಯಬಹುದೆಂದು ತೋರಿಸಿದರು. 1985ರಲ್ಲಿ ಜಪಾನಿನ ಅಕಿರಾ ಯೋಶಿನೊ ಬಳಕೆಗೆ ಯೋಗ್ಯವಾದ ಮಾದರಿಯನ್ನು ರೂಪಿಸಿದರು. 1991ರಲ್ಲಿ ಸೋನಿ ಕಂಪನಿಯು ಇದನ್ನು ಮಾರುಕಟ್ಟೆಗೆ ತಂದಿತು. ಈ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ರಸಾಯನವಿಜ್ಞಾನದ ನೊಬೆಲ್ ಪ್ರಶಸ್ತಿ ದೊರೆಯಿತು.

ಕರ್ನಾಟಕದಲ್ಲಿ 2020ರಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಪದವಿ ವಿದ್ಯಾರ್ಥಿಗಳಿಗೆ ರಾಜ್ಯ ಸರ್ಕಾರವು ಉಚಿತ ಲ್ಯಾಪ್‌ಟಾಪ್‌ಗಳನ್ನು ವಿತರಿಸಿತು. ಅದೇ ವರ್ಷ ಕೋವಿಡ್ ಕಾರಣದಿಂದ ತರಗತಿಗಳು ಆನ್‌ಲೈನ್‌ಗೆ ಬದಲಾದಾಗ ಅನೇಕ ಕುಟುಂಬಗಳು ಹೊಸ ಅಥವಾ ಬಳಸಿದ ಲ್ಯಾಪ್‌ಟಾಪ್‌ಗಳನ್ನು ಕೊಂಡವು. ಆ ಕಾಲದ ಯಂತ್ರಗಳ ಬ್ಯಾಟರಿಗಳು ಈಗ ಸವಕಳಿಯ ಹಂತವನ್ನು ತಲುಪಿವೆ. ಉಳಿದ ಭಾಗಗಳು ಸುಸ್ಥಿತಿಯಲ್ಲಿದ್ದರೂ ಬ್ಯಾಟರಿ ನಿಲ್ಲದ ಕಾರಣಕ್ಕೆ ಯಂತ್ರವನ್ನೇ ಮೂಲೆಗಿಡುವುದು ಸಾಮಾನ್ಯವಾಗಿ ಕಂಡುಬರುತ್ತದೆ. ಪರೀಕ್ಷೆಯ ಮುನ್ನಾದಿನ ಕರೆಂಟ್ ಹೋದಾಗ ಓದುವ ಮಕ್ಕಳಿಗೆ ಎರಡು ಗಂಟೆ ನಿಲ್ಲುವ ಬ್ಯಾಟರಿಗೂ ಹತ್ತು ನಿಮಿಷ ನಿಲ್ಲುವ ಬ್ಯಾಟರಿಗೂ ಇರುವ ಅಂತರ ದೊಡ್ಡದು.

ರಚನೆ ಮತ್ತು ಕಾರ್ಯವಿಧಾನ

ಬ್ಯಾಟರಿಯ ಒಳಗೆ ಹಲವು ಕೋಶಗಳಿರುತ್ತವೆ. ಪ್ರತಿ ಕೋಶದಲ್ಲಿ ಲೋಹದ ಆಕ್ಸೈಡಿನಿಂದಾದ ಧನಾಗ್ರ, ಗ್ರಾಫೈಟಿನಿಂದಾದ ಋಣಾಗ್ರ ಮತ್ತು ಇವೆರಡರ ನಡುವೆ ಎಲೆಕ್ಟ್ರೋಲೈಟ್ ದ್ರಾವಣ ಇರುತ್ತವೆ. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಧನಾಗ್ರದಿಂದ ಹೊರಟು ಗ್ರಾಫೈಟಿನ ಪದರಗಳ ನಡುವೆ ಸೇರಿಕೊಳ್ಳುತ್ತವೆ. ಬಳಸುವಾಗ ಅವು ಹಿಂದಿರುಗುತ್ತವೆ. ಒಂದು ಕೋಶದ ಸರಾಸರಿ ವೋಲ್ಟೇಜ್ 3.6 ಅಥವಾ 3.7 ವೋಲ್ಟ್ ಇದ್ದು, ಪೂರ್ತಿ ಚಾರ್ಜ್ ಆದಾಗ ಸಾಮಾನ್ಯವಾಗಿ 4.2 ವೋಲ್ಟ್ ತಲುಪುತ್ತದೆ. ಮೂರು ಕೋಶಗಳನ್ನು ಸಾಲಾಗಿ ಜೋಡಿಸಿದ ಬ್ಯಾಟರಿಯ ಮೇಲೆ 11.1 ವೋಲ್ಟ್ ಎಂದೂ ನಾಲ್ಕು ಕೋಶಗಳದ್ದರ ಮೇಲೆ 14.8 ವೋಲ್ಟ್ ಎಂದೂ ಮುದ್ರಿಸಿರುವುದಕ್ಕೆ ಇದೇ ಕಾರಣ.

ಬ್ಯಾಟರಿಯಲ್ಲಿ ಹಿಡಿಸುವ ಶಕ್ತಿಯನ್ನು ವ್ಯಾಟ್-ಗಂಟೆಗಳಲ್ಲಿ ಅಳೆಯಲಾಗುತ್ತದೆ. ವೋಲ್ಟೇಜನ್ನು ಆಂಪಿಯರ್-ಗಂಟೆಯಿಂದ ಗುಣಿಸಿದರೆ ಈ ಅಂಕಿ ದೊರೆಯುತ್ತದೆ. ಉದಾಹರಣೆಗೆ, 11.1 ವೋಲ್ಟ್ ಮತ್ತು 4.4 ಆಂಪಿಯರ್-ಗಂಟೆಯ ಬ್ಯಾಟರಿಯ ಸಾಮರ್ಥ್ಯ ಸುಮಾರು 48 ವ್ಯಾಟ್-ಗಂಟೆ. ಯಂತ್ರವು ಸರಾಸರಿ 12 ವ್ಯಾಟ್ ಬಳಸಿದರೆ ಇದು 4 ಗಂಟೆ ನಡೆಯುತ್ತದೆ.

ಸಾಮರ್ಥ್ಯದ ಕುಗ್ಗುವಿಕೆ

ಹಳೆಯ ಬ್ಯಾಟರಿಯು ಪರದೆಯ ಮೇಲೆ ‘ಶೇ. 100’ ಎಂದು ತೋರಿಸಿದರೂ ಬೇಗನೆ ಬರಿದಾಗುವುದೇಕೆ ಎಂಬುದನ್ನು ತುಂಗಭದ್ರಾ ಜಲಾಶಯದ ಹೋಲಿಕೆಯಿಂದ ತಿಳಿಯಬಹುದು. ಈ ಜಲಾಶಯದ ಬಲದಂಡೆ ಕಾಲುವೆಗಳು ಬಳ್ಳಾರಿ, ಕುರುಗೋಡು, ಸಿರುಗುಪ್ಪ ಭಾಗದ ಜಮೀನುಗಳಿಗೆ ನೀರು ಒದಗಿಸುತ್ತವೆ. 1953ರಲ್ಲಿ ಅಣೆಕಟ್ಟು ಪೂರ್ಣಗೊಂಡಾಗ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ ಇತ್ತು. ಹೂಳು ತುಂಬಿದ ಪರಿಣಾಮವಾಗಿ ಈಗ ಅದನ್ನು ಸುಮಾರು 105 ಟಿಎಂಸಿ ಅಡಿ ಎಂದು ಲೆಕ್ಕ ಹಾಕಲಾಗುತ್ತಿದೆ. ಇಂದಿಗೂ ಜಲಾಶಯ ‘ಭರ್ತಿ’ಯಾಗುತ್ತದೆ, ನೀರು ಅದೇ ಎತ್ತರಕ್ಕೆ ನಿಲ್ಲುತ್ತದೆ, ಆದರೆ ಒಳಗಿರುವ ನೀರು ಮೊದಲಿನಷ್ಟಲ್ಲ. ಬ್ಯಾಟರಿಯ ‘ಶೇ. 100’ ಕೂಡ ಹೀಗೆಯೇ: ಅದು ಈಗ ಹಿಡಿಸುವಷ್ಟು ತುಂಬಿದೆ ಎಂಬುದನ್ನು ಮಾತ್ರ ಹೇಳುತ್ತದೆ. ಮೂಲ ಸಾಮರ್ಥ್ಯದ ಶೇ. 80ಕ್ಕೆ ಇಳಿದ ಬ್ಯಾಟರಿಯನ್ನು ಸವೆದದ್ದೆಂದು ಪರಿಗಣಿಸುವುದು ತಯಾರಕರಲ್ಲಿ ರೂಢಿ. ಮೇಲಿನ ಅಂಕಿಗಳ ಪ್ರಕಾರ ಜಲಾಶಯವೂ ಹೆಚ್ಚುಕಡಿಮೆ ಇದೇ ಪ್ರಮಾಣಕ್ಕೆ ಇಳಿದಿದೆ.

ಬ್ಯಾಟರಿಯಲ್ಲಿ ಹೂಳಿನಂತೆ ವರ್ತಿಸುವುದು ಗ್ರಾಫೈಟಿನ ಮೇಲೆ ಬೆಳೆಯುವ ತೆಳುವಾದ ಪದರ. ಮೊದಲ ಚಾರ್ಜ್‌ನಲ್ಲಿಯೇ ರೂಪುಗೊಳ್ಳುವ ಈ ಪದರವು ಕೋಶವನ್ನು ರಕ್ಷಿಸುತ್ತದೆ. ಆದರೆ ಕಾಲ ಕಳೆದಂತೆ ಅದು ದಪ್ಪವಾಗುತ್ತಾ ಲಿಥಿಯಂ ಅಯಾನುಗಳನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಹಾಗೆ ಸಿಕ್ಕಿಬಿದ್ದ ಅಯಾನುಗಳು ಮತ್ತೆ ಬಳಕೆಗೆ ಬರುವುದಿಲ್ಲ. ಆದ್ದರಿಂದ ಕಳೆದುಹೋದ ಸಾಮರ್ಥ್ಯವನ್ನು ಯಾವ ತಂತ್ರಾಂಶದಿಂದಲೂ ಮರಳಿ ಪಡೆಯಲಾಗದು. ಮುಂದಿನ ನಷ್ಟವನ್ನು ನಿಧಾನಗೊಳಿಸಬಹುದು ಮಾತ್ರ.

ಈ ಕುಗ್ಗುವಿಕೆ ಎರಡು ಬಗೆಯದು. ಬಳಕೆಯಿಂದ ಆಗುವುದನ್ನು ಆವರ್ತಗಳಲ್ಲಿ ಎಣಿಸಲಾಗುತ್ತದೆ. ಒಟ್ಟು ಸೇರಿ ಶೇ. 100ರಷ್ಟು ಚಾರ್ಜ್ ಬಳಕೆಯಾದರೆ ಅದು ಒಂದು ಆವರ್ತ, ಇಂದು ಶೇ. 50, ನಾಳೆ ಶೇ. 50 ಬಳಸಿದರೆ ಎರಡೂ ಸೇರಿ ಒಂದು ಎಂದೇ ಲೆಕ್ಕ. ಹಳೆಯ ಲ್ಯಾಪ್‌ಟಾಪ್ ಬ್ಯಾಟರಿಗಳು ಸಾಮಾನ್ಯವಾಗಿ 300ರಿಂದ 500 ಆವರ್ತಗಳಿಗೆ ರೂಪಿತವಾಗಿದ್ದರೆ, ಇತ್ತೀಚಿನ ಕೆಲವು 1000 ಆವರ್ತಗಳವರೆಗೆ ಬಾಳುತ್ತವೆ. ಎರಡನೆಯ ಬಗೆಯ ಕುಗ್ಗುವಿಕೆ ಬಳಸದೆ ಇಟ್ಟರೂ ಕಾಲಕ್ರಮದಲ್ಲಿ ಆಗುವಂಥದು. ಸದಾ ಚಾರ್ಜರಿಗೆ ಜೋಡಿಸಿಟ್ಟ ಯಂತ್ರದ ಬ್ಯಾಟರಿಯೂ ಎರಡು ಮೂರು ವರ್ಷಗಳಲ್ಲಿ ದುರ್ಬಲವಾಗುವುದು ಈ ಎರಡನೆಯ ಕಾರಣದಿಂದ.

ಉಷ್ಣಾಂಶದ ಪರಿಣಾಮ

ರಾಸಾಯನಿಕ ಕ್ರಿಯೆಗಳು ಬಿಸಿಯಲ್ಲಿ ಚುರುಕಾಗುವುದರಿಂದ ಮೇಲೆ ಹೇಳಿದ ಪದರವೂ ಬಿಸಿಯಲ್ಲಿ ವೇಗವಾಗಿ ಬೆಳೆಯುತ್ತದೆ. ಬ್ಯಾಟರಿ ತುಂಬಿದ್ದಾಗ ಕೋಶದ ವೋಲ್ಟೇಜ್ ಹೆಚ್ಚಿರುವುದರಿಂದ ಹಾನಿ ಇನ್ನೂ ಹೆಚ್ಚು. ‘ಬ್ಯಾಟರಿ ಯೂನಿವರ್ಸಿಟಿ’ ಎಂಬ ಶೈಕ್ಷಣಿಕ ಜಾಲತಾಣವು ಪ್ರಕಟಿಸಿದ, ವ್ಯಾಪಕವಾಗಿ ಉಲ್ಲೇಖಿಸಲ್ಪಡುವ ಅಂದಾಜಿನ ಪ್ರಕಾರ, ಒಂದು ವರ್ಷ ಬಳಸದೆ ಇಟ್ಟ ಲಿಥಿಯಂ-ಅಯಾನು ಬ್ಯಾಟರಿಯಲ್ಲಿ ಉಳಿಯುವ ಸಾಮರ್ಥ್ಯ ಹೀಗಿರುತ್ತದೆ:

25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಶೇ. 40 ಚಾರ್ಜ್ ಇದ್ದರೆ: ಶೇ. 96
25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಪೂರ್ತಿ ಚಾರ್ಜ್ ಇದ್ದರೆ: ಶೇ. 80
40 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಶೇ. 40 ಚಾರ್ಜ್ ಇದ್ದರೆ: ಶೇ. 85
40 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಪೂರ್ತಿ ಚಾರ್ಜ್ ಇದ್ದರೆ: ಶೇ. 65

ಈ ಪಟ್ಟಿಯಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಬಿಸಿ ಮತ್ತು ಪೂರ್ತಿ ಚಾರ್ಜ್ ಇವೆರಡೂ ಪ್ರತ್ಯೇಕವಾಗಿಯೇ ಹಾನಿಕರ. ಒಟ್ಟಿಗೆ ಸೇರಿದಾಗ ನಷ್ಟವು ಒಂದೇ ವರ್ಷದಲ್ಲಿ ಮೂರನೆಯ ಒಂದು ಭಾಗವನ್ನು ಮೀರುತ್ತದೆ. ಎರಡನೆಯದಾಗಿ, ಊರಿನ ಹವೆಯನ್ನು ಬದಲಿಸಲಾಗದಿದ್ದರೂ ಚಾರ್ಜ್‌ನ ಮಟ್ಟವನ್ನು ತಗ್ಗಿಸಿದರೆ 40 ಡಿಗ್ರಿಯಲ್ಲಿಯೂ ನಷ್ಟವನ್ನು ಅರ್ಧಕ್ಕಿಂತ ಕಡಿಮೆ ಮಾಡಬಹುದು.

ಬಳ್ಳಾರಿ ಭಾಗದಲ್ಲಿ ಮಾರ್ಚ್‌ನಿಂದ ಮೇ ವರೆಗಿನ ಅವಧಿ ಬ್ಯಾಟರಿಗೆ ಅತ್ಯಂತ ಕಠಿಣವಾದುದು. ಕೋಣೆಯೇ 38 ಡಿಗ್ರಿ ಇದ್ದಾಗ, ಕೆಲಸದಲ್ಲಿರುವ ಲ್ಯಾಪ್‌ಟಾಪ್‌ನ ಒಳಭಾಗ ಅದಕ್ಕಿಂತ ಹೆಚ್ಚು ಬಿಸಿಯಾಗಿರುತ್ತದೆ. ತಗಡಿನ ಚಾವಣಿಯ ಕೋಣೆ, ಬಿಸಿಲು ನೇರವಾಗಿ ಬೀಳುವ ಕಿಟಕಿ, ನಿಲ್ಲಿಸಿದ ಕಾರು, ಬಿಸಿಲಲ್ಲಿಟ್ಟ ಸ್ಕೂಟರಿನ ಡಿಕ್ಕಿ ಇವು ಲ್ಯಾಪ್‌ಟಾಪ್ ಇಡಲು ತಕ್ಕ ಸ್ಥಳಗಳಲ್ಲ. ಧೂಳು ಇನ್ನೊಂದು ಕಾರಣ. ಸಿರುಗುಪ್ಪದ ಅಕ್ಕಿ ಗಿರಣಿಗಳ ಆಸುಪಾಸಿನ ಹೊಟ್ಟು, ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕಗಳ ನೂಲಿನ ಎಳೆ, ಎರೆಮಣ್ಣಿನ ಹೊಲಗಳಿಂದ ಬೇಸಿಗೆಯಲ್ಲಿ ಏಳುವ ಧೂಳು ಇವು ಯಂತ್ರದ ಗಾಳಿಕಿಂಡಿಯಲ್ಲಿ ಸೇರಿಕೊಂಡರೆ ಫ್ಯಾನ್ ತಿರುಗಿದರೂ ಬಿಸಿ ಹೊರಹೋಗುವುದಿಲ್ಲ.

ಸ್ಥಿತಿಯನ್ನು ತಿಳಿಯುವ ವಿಧಾನ

ಯಾವ ಕ್ರಮವನ್ನು ಕೈಗೊಳ್ಳುವ ಮೊದಲೂ ಬ್ಯಾಟರಿಯ ಈಗಿನ ಸಾಮರ್ಥ್ಯವನ್ನು ತಿಳಿಯುವುದು ಅಗತ್ಯ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಪವರ್‌ಸಿಎಫ್‌ಜಿ’ ಆದೇಶದ ಮೂಲಕ ಬ್ಯಾಟರಿ ವರದಿಯನ್ನು ಪಡೆಯಬಹುದು. ಅದರಲ್ಲಿ ‘ಡಿಸೈನ್ ಕೆಪಾಸಿಟಿ’ ಎಂಬುದು ಹೊಸದಾಗಿದ್ದಾಗಿನ ಸಾಮರ್ಥ್ಯ. ‘ಫುಲ್ ಚಾರ್ಜ್ ಕೆಪಾಸಿಟಿ’ ಎಂಬುದು ಈಗಿನದು. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಉಳಿದಿರುವ ಶೇಕಡಾವಾರು ಸಾಮರ್ಥ್ಯ ದೊರೆಯುತ್ತದೆ. ಮ್ಯಾಕ್ ಯಂತ್ರಗಳಲ್ಲಿ ಸಿಸ್ಟಂ ಮಾಹಿತಿಯ ಪುಟವು ಆವರ್ತಗಳ ಸಂಖ್ಯೆಯನ್ನು ತೋರಿಸುತ್ತದೆ. ಲಿನಕ್ಸ್‌ನಲ್ಲಿ ‘ಅಪವರ್’ ಉಪಕರಣದಿಂದ ಇದೇ ಮಾಹಿತಿ ಲಭ್ಯ.

ಉಳಿದ ಸಾಮರ್ಥ್ಯ ಶೇ. 60ಕ್ಕಿಂತ ಹೆಚ್ಚಿದ್ದರೆ ಕೆಳಗಿನ ಕ್ರಮಗಳಿಂದ ಗಣನೀಯ ಪ್ರಯೋಜನವಿದೆ. ಶೇ. 40ಕ್ಕಿಂತ ಕಡಿಮೆಯಾಗಿದ್ದರೆ, ಅಥವಾ ಶೇ. 30 ಇರುವಾಗಲೇ ಯಂತ್ರವು ಹಠಾತ್ತನೆ ಆರಿಹೋಗುತ್ತಿದ್ದರೆ, ಬ್ಯಾಟರಿಯನ್ನು ಬದಲಿಸುವುದೇ ಸೂಕ್ತ.

ಆಯುಷ್ಯವನ್ನು ಕಾಪಾಡುವ ಕ್ರಮಗಳು

ಚಾರ್ಜ್‌ಗೆ ಮಿತಿ: ಅನೇಕ ತಯಾರಕರು ಚಾರ್ಜ್ ಶೇ. 60 ಅಥವಾ 80ಕ್ಕೆ ನಿಲ್ಲುವಂತೆ ಮಾಡುವ ಸೌಲಭ್ಯ ನೀಡಿದ್ದಾರೆ. ಲೆನೊವೊ ಯಂತ್ರಗಳಲ್ಲಿ ಇದು ‘ವಾಂಟೇಜ್’ ತಂತ್ರಾಂಶದೊಳಗೆ, ಆಸುಸ್ ಯಂತ್ರಗಳಲ್ಲಿ ‘ಬ್ಯಾಟರಿ ಹೆಲ್ತ್ ಚಾರ್ಜಿಂಗ್’ ಎಂಬ ಹೆಸರಿನಲ್ಲಿ ದೊರೆಯುತ್ತದೆ. ಡೆಲ್ ಮತ್ತು ಎಚ್‌ಪಿಯ ಹಲವು ಮಾದರಿಗಳಲ್ಲಿ ಯಂತ್ರವನ್ನು ಚಾಲೂ ಮಾಡುವಾಗ ತೆರೆಯುವ ಬಯಾಸ್ ಪುಟದಲ್ಲಿ ಇರುತ್ತದೆ. ಈ ಸೌಲಭ್ಯವಿಲ್ಲದ ಯಂತ್ರಗಳಲ್ಲಿ ಶೇ. 80ರ ಸುಮಾರಿಗೆ ಚಾರ್ಜರನ್ನು ತೆಗೆದು, ಶೇ. 30ರ ಸುಮಾರಿಗೆ ಮತ್ತೆ ಜೋಡಿಸುವ ರೂಢಿಯೂ ಫಲಕಾರಿ.

ವಿದ್ಯುತ್ ವ್ಯತ್ಯಯದ ದಿನಗಳು: ಬಳ್ಳಾರಿ ಜಿಲ್ಲೆಯ ವಿದ್ಯುತ್ ಪೂರೈಕೆ ಜೆಸ್ಕಾಂ ವ್ಯಾಪ್ತಿಯಲ್ಲಿದೆ. ನಿರ್ವಹಣಾ ಕಾಮಗಾರಿಯ ನಿಮಿತ್ತ ವಿದ್ಯುತ್ ನಿಲುಗಡೆಯ ಪ್ರಕಟಣೆಗಳು ಸಾಮಾನ್ಯವಾಗಿ ಮುಂಚಿತವಾಗಿ ಪತ್ರಿಕೆಗಳಲ್ಲಿ ಬರುತ್ತವೆ. ನಿತ್ಯದ ದಿನಗಳಲ್ಲಿ ಶೇ. 80ರ ಮಿತಿಯನ್ನಿಟ್ಟು, ನಿಲುಗಡೆಯ ದಿನ ಬೆಳಗಿನ ಜಾವ ಶೇ. 100ರವರೆಗೆ ತುಂಬಿಸಿಕೊಳ್ಳುವುದು ಆಯುಷ್ಯ ಮತ್ತು ಅಗತ್ಯ ಎರಡನ್ನೂ ಹೊಂದಿಸುವ ಮಾರ್ಗ. ಪೂರ್ತಿ ತುಂಬಿದ ಸ್ಥಿತಿಯಲ್ಲಿ ಕೆಲವು ಗಂಟೆ ಇರುವುದರಿಂದ ಹೆಚ್ಚಿನ ಹಾನಿಯಿಲ್ಲ. ತಿಂಗಳುಗಟ್ಟಲೆ ಹಾಗೆಯೇ ಇರುವುದು ಹಾನಿಕರ.

ತಂಪಿನ ವ್ಯವಸ್ಥೆ: ಲ್ಯಾಪ್‌ಟಾಪನ್ನು ಹಾಸಿಗೆ, ದಿಂಬು, ಕಂಬಳಿಗಳ ಮೇಲಿಡದೆ ಗಟ್ಟಿಯಾದ ಮೇಜಿನ ಮೇಲಿಟ್ಟು, ಹಿಂಭಾಗವನ್ನು ಸ್ವಲ್ಪ ಎತ್ತರಿಸಿದರೆ ಗಾಳಿ ಆಡುತ್ತದೆ. ಫ್ಯಾನಿನ ಕಿಂಡಿಯನ್ನು ವರ್ಷಕ್ಕೆ ಒಂದೆರಡು ಬಾರಿಯಾದರೂ ಶುಚಿಗೊಳಿಸಬೇಕು. ಬೇಸಿಗೆಯಲ್ಲಿ ಹೆಚ್ಚಿನ ಚಾರ್ಜಿಂಗ್‌ಗೆ ರಾತ್ರಿಯ ಕೊನೆ ಅಥವಾ ಬೆಳಗಿನ ಹೊತ್ತು ಉತ್ತಮ. ಏರ್ ಕೂಲರ್ ಬಳಸುವ ಮನೆಗಳಲ್ಲಿ ಯಂತ್ರವನ್ನು ಅದರ ಹನಿ ತಾಗದಷ್ಟು ದೂರದಲ್ಲಿಡಬೇಕು.

ರಜೆಯಲ್ಲಿ ಇಡುವ ಕ್ರಮ: ವಾರಗಟ್ಟಲೆ ಬಳಸದೆ ಇಡುವುದಾದರೆ ಶೇ. 40ರಿಂದ 50ರಷ್ಟು ಚಾರ್ಜ್ ಉಳಿಸಿ, ಯಂತ್ರವನ್ನು ಪೂರ್ತಿ ಆರಿಸಿ, ಮನೆಯ ತಂಪಾದ ಒಣ ಜಾಗದಲ್ಲಿಡಬೇಕು. ಪೂರ್ತಿ ಬರಿದಾದ ಬ್ಯಾಟರಿಯನ್ನು ತಿಂಗಳುಗಟ್ಟಲೆ ಹಾಗೆಯೇ ಬಿಟ್ಟರೆ ಅದು ಮತ್ತೆ ಚಾರ್ಜ್ ಆಗದೆ ಹೋಗಬಹುದು.

ಚಾಲನಾವಧಿಯನ್ನು ಹೆಚ್ಚಿಸುವ ಕ್ರಮಗಳು

ಜಲಾಶಯದಲ್ಲಿ ನೀರು ಕಡಿಮೆಯಿದ್ದಾಗ ಕಾಲುವೆಗೆ ಬಿಡುವ ನೀರನ್ನು ತಗ್ಗಿಸುವಂತೆ, ಸಾಮರ್ಥ್ಯ ಕುಗ್ಗಿದ ಬ್ಯಾಟರಿಯಲ್ಲಿ ವಿದ್ಯುತ್ ಬಳಕೆಯನ್ನು ತಗ್ಗಿಸಿ ಅವಧಿಯನ್ನು ಹಿಗ್ಗಿಸಬಹುದು. ಮೊದಲು ಹೇಳಿದ 48 ವ್ಯಾಟ್-ಗಂಟೆಯ ಬ್ಯಾಟರಿ ಶೇ. 60ಕ್ಕೆ ಇಳಿದರೆ ಉಳಿಯುವುದು 28.8 ವ್ಯಾಟ್-ಗಂಟೆ. 12 ವ್ಯಾಟ್ ಬಳಕೆಯಲ್ಲಿ ಅದು 2 ಗಂಟೆ 24 ನಿಮಿಷ ಬರುತ್ತದೆ. ಬಳಕೆಯನ್ನು 8 ವ್ಯಾಟ್‌ಗೆ ಇಳಿಸಿದರೆ ಅದೇ ಬ್ಯಾಟರಿ 3 ಗಂಟೆ 36 ನಿಮಿಷ ಬರುತ್ತದೆ. ಹೊಸದಿದ್ದಾಗಿನ 4 ಗಂಟೆಗೆ ಇದು ಹತ್ತಿರವೇ. ಈ ಇಳಿಕೆಯನ್ನು ಸಾಧಿಸುವ ಮುಖ್ಯ ಮಾರ್ಗಗಳು ಇವು:

ಪರದೆಯ ಬೆಳಕು: ಓದು ಬರಹದಂಥ ಹಗುರವಾದ ಕೆಲಸದಲ್ಲಿ ಅತಿ ಹೆಚ್ಚು ವಿದ್ಯುತ್ ಬಳಸುವ ಭಾಗಗಳಲ್ಲಿ ಪರದೆಯೂ ಒಂದು. ಬೆಳಕನ್ನು ಅರ್ಧಕ್ಕೆ ಇಳಿಸುವುದು ಎಲ್ಲಕ್ಕಿಂತ ಸುಲಭವಾದ, ಖರ್ಚಿಲ್ಲದ ಕ್ರಮ.

ಬ್ರೌಸರ್ ಮತ್ತು ವಿಡಿಯೊ: ತೆರೆದಿಟ್ಟ ಹತ್ತಾರು ಟ್ಯಾಬ್‌ಗಳು ಹಾಗೂ ಜಾಹೀರಾತುಗಳು ಪ್ರೊಸೆಸರನ್ನು ಸದಾ ದುಡಿಸುತ್ತವೆ. ಹೊಸ ಮಾದರಿಯ ವಿಡಿಯೊ ಸಂಕೇತಗಳನ್ನು ಬಿಡಿಸುವ ಪ್ರತ್ಯೇಕ ಭಾಗ ಹಳೆಯ ಪ್ರೊಸೆಸರುಗಳಲ್ಲಿ ಇರುವುದಿಲ್ಲ. ಆ ಕೆಲಸವನ್ನು ಪ್ರೊಸೆಸರೇ ಮಾಡಬೇಕಾಗಿ ಬಂದು ಬಿಸಿಯೂ ಹೆಚ್ಚುತ್ತದೆ. ಪಾಠದ ವಿಡಿಯೊಗಳನ್ನು 480 ಮಟ್ಟದಲ್ಲಿ ನೋಡುವುದರಿಂದ ವಿದ್ಯುತ್ ಮತ್ತು ಡೇಟಾ ಎರಡೂ ಉಳಿಯುತ್ತವೆ.

ಹಿನ್ನೆಲೆಯ ತಂತ್ರಾಂಶಗಳು: ಯಂತ್ರ ಚಾಲೂ ಆದೊಡನೆ ತಾವಾಗಿ ತೆರೆದುಕೊಳ್ಳುವ ತಂತ್ರಾಂಶಗಳನ್ನು ನಿಲ್ಲಿಸುವುದು, ‘ಬ್ಯಾಟರಿ ಸೇವರ್’ ಆಯ್ಕೆಯನ್ನು ಬಳಸುವುದು ಹಾಗೂ ಬೇಡವಾದಾಗ ಬ್ಲೂಟೂತ್ ಆರಿಸುವುದು ಉಪಯುಕ್ತ.

ಎಸ್‌ಎಸ್‌ಡಿ ಅಳವಡಿಕೆ: ತಿರುಗುವ ಹಾರ್ಡ್ ಡಿಸ್ಕ್ ಇರುವ ಯಂತ್ರಗಳಲ್ಲಿ ಅದರ ಬದಲು ಎಸ್‌ಎಸ್‌ಡಿ ಹಾಕಿಸಿದರೆ ವಿದ್ಯುತ್ ಬಳಕೆ ಸ್ವಲ್ಪ ತಗ್ಗುತ್ತದೆ. ಕೆಲಸ ಬೇಗ ಮುಗಿಯುವುದರಿಂದ ಕಾಯುವ ಸಮಯವೂ ಉಳಿಯುತ್ತದೆ.

ನಿದ್ರಾಸ್ಥಿತಿ: ‘ಸ್ಲೀಪ್’ ಸ್ಥಿತಿಯಲ್ಲಿ ಚಾರ್ಜ್ ನಿಧಾನವಾಗಿ ಸೋರುತ್ತಲೇ ಇರುತ್ತದೆ. ಗಂಟೆಗಟ್ಟಲೆ ಬಿಡುವುದಾದರೆ ‘ಹೈಬರ್ನೇಟ್’ ಉತ್ತಮ.

ಕಾರ್ಯಾಚರಣ ವ್ಯವಸ್ಥೆ: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಹಿಡಿಸದ ಹಳೆಯ ಯಂತ್ರಗಳಲ್ಲಿ ಹಗುರವಾದ ಲಿನಕ್ಸ್ ಆವೃತ್ತಿಗಳನ್ನು ಬಳಸಬಹುದು. ಅವುಗಳಲ್ಲಿ ‘ಟಿಎಲ್‌ಪಿ’ ಎಂಬ ಉಚಿತ ತಂತ್ರಾಂಶವು ವಿದ್ಯುತ್ ಉಳಿತಾಯವನ್ನು ನಿರ್ವಹಿಸುತ್ತದೆ.

ತಪ್ಪು ತಿಳಿವಳಿಕೆಗಳು

ಬ್ಯಾಟರಿಯನ್ನು ಪ್ರತಿಸಲ ಪೂರ್ತಿ ಬರಿದು ಮಾಡಿಯೇ ಚಾರ್ಜ್ ಮಾಡಬೇಕೆಂಬ ನಂಬಿಕೆ ಹಿಂದಿನ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ್ದು. ಲಿಥಿಯಂ-ಅಯಾನು ಬ್ಯಾಟರಿಗೆ ಇದು ಅನಗತ್ಯ ಮಾತ್ರವಲ್ಲ, ಹಾನಿಕರವೂ ಹೌದು. ಶೇಕಡಾವಾರು ಸೂಚನೆ ತಪ್ಪಾಗಿ ತೋರುತ್ತಿದ್ದಾಗ ಅದನ್ನು ಸರಿಹೊಂದಿಸಲು ಅಪರೂಪಕ್ಕೊಮ್ಮೆ ಹಾಗೆ ಮಾಡಬಹುದು. ಇದರಿಂದ ಸೂಚನೆ ಸರಿಯಾಗುತ್ತದೆಯೇ ಹೊರತು ಸಾಮರ್ಥ್ಯ ಹೆಚ್ಚುವುದಿಲ್ಲ.

ಬ್ಯಾಟರಿಯನ್ನು ಫ್ರಿಜ್‌ನಲ್ಲಿಟ್ಟರೆ ಚೇತರಿಸಿಕೊಳ್ಳುತ್ತದೆ ಎಂಬುದೂ ತಪ್ಪು. ಹೊರತೆಗೆದಾಗ ಅದರ ಮೇಲೆ ನೀರಿನ ಪಸೆ ಕಟ್ಟಿ ಒಳಗಿನ ಸರ್ಕ್ಯೂಟ್ ಕೆಡಬಹುದು. ಕಪ್ಪು ಹಿನ್ನೆಲೆಯ ಪರದೆಯಿಂದ ವಿದ್ಯುತ್ ಉಳಿಯುತ್ತದೆ ಎಂಬ ಮಾತು ಓಎಲ್‌ಇಡಿ ಪರದೆಗಳಿಗೆ ಮಾತ್ರ ಅನ್ವಯಿಸುತ್ತದೆ. ಹಳೆಯ ಲ್ಯಾಪ್‌ಟಾಪ್‌ಗಳ ಎಲ್‌ಸಿಡಿ ಪರದೆಯ ಹಿಂದಿನ ದೀಪ ಯಾವ ಬಣ್ಣಕ್ಕೂ ಒಂದೇ ರೀತಿ ಉರಿಯುತ್ತಿರುತ್ತದೆ.

ಬ್ಯಾಟರಿಯ ಬದಲಾವಣೆ

ಹೊಸ ಬ್ಯಾಟರಿಯನ್ನು ಕೊಳ್ಳುವಾಗ ಹಳೆಯದರ ಮೇಲಿನ ಮಾದರಿ ಸಂಖ್ಯೆ ಮತ್ತು ವೋಲ್ಟೇಜ್ ತಾಳೆಯಾಗುವುದನ್ನು ಖಚಿತಪಡಿಸಿಕೊಳ್ಳಬೇಕು. ಭಾರತದಲ್ಲಿ ಲಿಥಿಯಂ ಬ್ಯಾಟರಿಗಳು ಐಎಸ್ 16046 ಮಾನಕಕ್ಕೆ ಅನುಗುಣವಾಗಿದ್ದು ಭಾರತೀಯ ಮಾನಕ ಬ್ಯೂರೊದ ನೋಂದಣಿ ಗುರುತನ್ನು ಹೊಂದಿರಬೇಕು. ಬ್ಯಾಟರಿಯು ಬಳಸದಿದ್ದರೂ ಹಳತಾಗುವುದರಿಂದ ತಯಾರಿಕೆಯ ದಿನಾಂಕವನ್ನು ನೋಡುವುದು ಮುಖ್ಯ. ಅಂಗಡಿಯ ಬಿಸಿ ಕಪಾಟಿನಲ್ಲಿ ಮೂರು ವರ್ಷ ಕುಳಿತ ‘ಹೊಸ’ ಬ್ಯಾಟರಿ ಹೊಸದಲ್ಲ. ಹಳೆಯ ಕವಚದೊಳಗೆ ಬೇರೆ ಕೋಶಗಳನ್ನು ಬೆಸುಗೆ ಹಾಕಿಸುವ ಪದ್ಧತಿ ಅಗ್ಗವೆನಿಸಿದರೂ, ಸಾಮರ್ಥ್ಯ ಹೊಂದದ ಕೋಶಗಳು ಸೇರಿದರೆ ಬೆಂಕಿಯ ಅಪಾಯವಿದೆ.

ಸುರಕ್ಷತೆ ಮತ್ತು ವಿಲೇವಾರಿ

ಕೋಶದೊಳಗೆ ಅನಿಲ ಉತ್ಪತ್ತಿಯಾದಾಗ ಬ್ಯಾಟರಿ ಉಬ್ಬುತ್ತದೆ. ಟಚ್‌ಪ್ಯಾಡ್ ಮೇಲೇಳುವುದು, ಕೀಲಿಮಣೆ ಉಬ್ಬುವುದು, ಮೇಜಿನ ಮೇಲಿಟ್ಟ ಯಂತ್ರ ಸಮವಾಗಿ ಕೂರದೆ ಅಲುಗಾಡುವುದು ಇದರ ಲಕ್ಷಣಗಳು. ಇಂಥ ಯಂತ್ರವನ್ನು ಕೂಡಲೇ ಆರಿಸಿ, ಚಾರ್ಜರಿನಿಂದ ಬಿಡಿಸಿ, ಬಟ್ಟೆ ಕಾಗದಗಳಿಂದ ದೂರದಲ್ಲಿಟ್ಟು, ತಿಳಿದ ದುರಸ್ತಿಗಾರರಿಂದ ಬ್ಯಾಟರಿಯನ್ನು ತೆಗೆಸಬೇಕು. ಉಬ್ಬಿದ ಬ್ಯಾಟರಿಯನ್ನು ಚುಚ್ಚುವುದು ಅಥವಾ ಒತ್ತಿ ಕೂರಿಸುವುದು ಅಪಾಯಕಾರಿ. ಒಳಗಿನ ಪದರಗಳು ಒಂದಕ್ಕೊಂದು ತಾಗಿದರೆ ಬಿಸಿಯು ತನ್ನನ್ನು ತಾನೇ ಹೆಚ್ಚಿಸಿಕೊಳ್ಳುತ್ತಾ ಬೆಂಕಿ ಹೊತ್ತಿಕೊಳ್ಳಬಹುದು.

ಕೆಟ್ಟ ಬ್ಯಾಟರಿಯನ್ನು ಮನೆಯ ಕಸದೊಂದಿಗೆ ಹಾಕುವುದಾಗಲಿ ಸುಡುವುದಾಗಲಿ ಸಲ್ಲದು. ಕೇಂದ್ರ ಸರ್ಕಾರವು 2022ರ ಆಗಸ್ಟ್‌ನಲ್ಲಿ ಹೊರಡಿಸಿದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ, ಬಳಸಿದ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಒಳಪಡಿಸುವ ಹೊಣೆ ಉತ್ಪಾದಕರದು. ಬಳಕೆದಾರರು ಅವನ್ನು ಇತರ ಕಸದಿಂದ ಬೇರ್ಪಡಿಸಿ ಸಂಗ್ರಹಣೆ ಅಥವಾ ಮರುಬಳಕೆಯ ವ್ಯವಸ್ಥೆಗೆ ಒಪ್ಪಿಸಬೇಕು. ಅಲ್ಲಿಯವರೆಗೆ ಬ್ಯಾಟರಿಯ ಲೋಹದ ತುದಿಗಳಿಗೆ ಟೇಪು ಅಂಟಿಸಿ, ಮಕ್ಕಳ ಕೈಗೆಟುಕದ, ಬಿಸಿಲು ತಾಗದ ಜಾಗದಲ್ಲಿಡುವುದು ಕ್ಷೇಮ.